ಗಣಕದ ಪಾಠದಲ್ಲಿ ಪಾತ್ರಗಳು

ಕೆಲವು ವರ್ಷಗಳ ಹಿಂದಿನ ಮಾತು. ಕಾಲೇಜೊಂದರಲ್ಲಿ ಇತಿಹಾಸ, ಸಮಾಜಶಾಸ್ತ್ರ, ಗ್ರಂಥಾಲಯ ವಿಜ್ಞಾನ ಮೊದಲಾದ ವಿಷಯಗಳನ್ನು ಓದುತ್ತಿದ್ದ ಮೂವತ್ತು ಮಂದಿ ವಿದ್ಯಾರ್ಥಿಗಳಿಗೆ ಗಣಕಯಂತ್ರದ ಪಾಠ ಹೇಳುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಮೊದಲ ದಿನ ಕರಿಹಲಗೆಯ ಮೇಲೆ, ಜಾವಾ ಎಂಬ ಗಣಕಭಾಷೆಯಲ್ಲಿ ಒಂದು ಪುಟ್ಟ ಕ್ರಮವಿಧಿಯನ್ನು, ಅಂದರೆ ಪ್ರೋಗ್ರಾಮನ್ನು, ಬರೆದೆ. ಗಣಕದ ತೆರೆಯ ಮೇಲೆ 'ನಮಸ್ಕಾರ' ಎಂಬ ಒಂದು ಪದವನ್ನು ಮೂಡಿಸುವುದಷ್ಟೇ ಅದರ ಕೆಲಸ. ಆದರೆ ಆ ಒಂದು ನಮಸ್ಕಾರಕ್ಕಾಗಿ ಪಬ್ಲಿಕ್, ಕ್ಲಾಸ್, ಸ್ಟ್ಯಾಟಿಕ್, ವಾಯ್ಡ್, ಮೇನ್ ಎಂಬ ಪದಗಳ ಸಾಲನ್ನೂ ಮೂರು ಬಗೆಯ ಆವರಣ ಚಿಹ್ನೆಗಳನ್ನೂ ಬರೆಯಬೇಕಾಯಿತು. ಇತಿಹಾಸದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಆ ಪದಗಳ ಅರ್ಥವೇನು?" ಎಂದು ಕೇಳಿದಳು. "ಅದು ಈಗ ಬೇಡಮ್ಮ. ಸದ್ಯಕ್ಕೆ ಮಂತ್ರವೆಂದು ತಿಳಿದು ಬರೆದುಕೊ, ಮೂರು ತಿಂಗಳಲ್ಲಿ ಎಲ್ಲ ಗೊತ್ತಾಗುತ್ತದೆ" ಎಂದೆ. ಆಕೆ ಬರೆದುಕೊಂಡಳು. ಮರುವಾರದಿಂದ ತರಗತಿಗೆ ಬರಲಿಲ್ಲ. ಗೆಳತಿಯನ್ನು ವಿಚಾರಿಸಿದಾಗ, "ಅದು ನಮ್ಮಂಥವರಿಗಲ್ಲ ಅಂದಳು ಸಾರ್" ಎಂಬ ಉತ್ತರ ಬಂತು.

ಶಾಸನದ ಒಂದು ಪದವನ್ನೂ ಅರ್ಥ ಕೇಳದೆ ಬಿಡಬಾರದೆಂಬ ಶಿಸ್ತಿನಲ್ಲಿ ಬೆಳೆದ ಹುಡುಗಿ ಆಕೆ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು. ತಪ್ಪು ಅವಳದಲ್ಲ, ನನ್ನದು. ಗಣಕವಿಜ್ಞಾನವನ್ನೇ ವೃತ್ತಿಯಾಗಿ ಹಿಡಿಯಬೇಕೆಂದು ಬಂದ ವಿದ್ಯಾರ್ಥಿ ಮೂರು ತಿಂಗಳು ಮಂತ್ರ ಜಪಿಸಿಕೊಂಡು ಕಾಯುತ್ತಾನೆ. ಮುಂದೆ ಫಲವಿದೆಯೆಂದು ಅವನಿಗೆ ಗೊತ್ತು. ಹೊರಗಿನಿಂದ ಬಂದವರಿಗೆ ಆ ಭರವಸೆ ಇರುವುದಿಲ್ಲ. ಅವರಿಗೆ ಇರುವುದು ಒಂದೇ ಒಂದು ಪಾಠಕ್ರಮ, ಕೆಲವೇ ವಾರಗಳು. ಆ ಅವಧಿಯಲ್ಲಿ ಅವರು ಕಲಿತು ಹೋಗುವ ಮುಖ್ಯ ಸಂಗತಿ 'ನಾನು ದಡ್ಡ' ಎಂಬುದೇ ಆಗಿಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಈ ಹೊರಗಿನವರ ಸಂಖ್ಯೆಯೂ ಸಣ್ಣದಲ್ಲ. ಸಿವಿಲ್, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳನ್ನು ಸೇರಿದ ಕನ್ನಡಿಗರು ನಮ್ಮ ಬೀದಿ ಬೀದಿಯಲ್ಲೂ ಸಿಗುತ್ತಾರೆ. ಜೀವವಿಜ್ಞಾನಿಗೆ ವಂಶವಾಹಿಗಳ ವಿವರವನ್ನು ಓದಲು, ಭಾಷಾವಿಜ್ಞಾನಿಗೆ ಲಕ್ಷಾಂತರ ವಾಕ್ಯಗಳನ್ನು ಜಾಲಿಸಲು ಇಂದು ಕ್ರಮವಿಧಿ ಬೇಕು.

ಇವರೆಲ್ಲರಿಗೂ ಒಂದಲ್ಲ ಒಂದು ಹಂತದಲ್ಲಿ ಎದುರಾಗುವ ಗಂಟಿನ ಹೆಸರು 'ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್'. ಹೆಸರು ಕೇಳಿಯೇ ಅಂಜುವವರುಂಟು. ಹಾಗೆ ನೋಡಿದರೆ, ಗಣಕದ ವಿದ್ಯೆಯಲ್ಲಿ ಹೊರಗಿನವರಿಗೆ ಅತ್ಯಂತ ಹತ್ತಿರವಾಗಬೇಕಾದ ವಿಚಾರ ಇದೇ ಎಂಬುದು ನನ್ನ ಅಭಿಪ್ರಾಯ. ಹತ್ತಿರವಾಗದಿರುವುದಕ್ಕೆ ಕಾರಣ ನಾವು ಅದನ್ನು ಕಲಿಸುವ ಕ್ರಮದಲ್ಲಿದೆ.

ಮೊದಲು ವಿಚಾರವೇನೆಂದು ನೋಡೋಣ. ಹಳೆಯ ಬಗೆಯ ಕ್ರಮವಿಧಿಯೆಂದರೆ ಅಡಿಗೆಯ ಪಾಕವಿಧಾನವಿದ್ದಂತೆ. ಒಂದು ಕಡೆ ಸಾಮಗ್ರಿ, ಇನ್ನೊಂದು ಕಡೆ ಮಾಡುವ ಕ್ರಮ. ಅಕ್ಕಿ ತಾನಾಗಿ ಏನನ್ನೂ ಮಾಡುವುದಿಲ್ಲ. ಬಾಣಸಿಗನೇ ಎಲ್ಲವನ್ನೂ ಮಾಡಬೇಕು. ನಾಲ್ಕು ಜನರ ಅಡಿಗೆಗೆ ಇದು ಸಾಕು. ನಾಲ್ಕು ಸಾವಿರ ಜನರ ಮದುವೆಯ ಊಟಕ್ಕೆ ಒಬ್ಬನೇ ಬಾಣಸಿಗ, ಒಂದೇ ಉದ್ದನೆಯ ಪಟ್ಟಿ ಎಂದರೆ ನಡೆಯುವುದಿಲ್ಲ. ಅಲ್ಲಿ ಉಗ್ರಾಣದವನು ಬೇರೆ, ಒಲೆಯ ಮುಂದಿನವನು ಬೇರೆ, ಬಡಿಸುವವನು ಬೇರೆ. ಉಗ್ರಾಣದಲ್ಲಿ ಎಷ್ಟು ಬೆಲ್ಲವಿದೆಯೆಂಬುದು ಉಗ್ರಾಣದವನಿಗೆ ಗೊತ್ತು. ಮಿಕ್ಕವರು ಅವನನ್ನು ಕೇಳಿ ಪಡೆಯುತ್ತಾರೆಯೇ ಹೊರತು ತಾವೇ ಒಳನುಗ್ಗಿ ಡಬ್ಬ ತೆರೆಯುವುದಿಲ್ಲ. ತನಗೆ ಸಂಬಂಧಿಸಿದ ತಿಳಿವಳಿಕೆಯನ್ನೂ ಆ ತಿಳಿವಳಿಕೆಯಿಂದ ಮಾಡಬಹುದಾದ ಕೆಲಸವನ್ನೂ ಒಟ್ಟಿಗೆ ಇಟ್ಟುಕೊಂಡು, ಕೇಳಿದಾಗ ಉತ್ತರ ಕೊಡುವ ಇಂಥ ಒಂದೊಂದು ಘಟಕವೇ 'ಆಬ್ಜೆಕ್ಟ್'. ಅವುಗಳ ನಡುವಿನ ಮಾತುಕತೆಯಿಂದಲೇ ಕ್ರಮವಿಧಿ ನಡೆಯುತ್ತದೆ.

ಈ 'ಆಬ್ಜೆಕ್ಟ್' ಪದವನ್ನು ಕನ್ನಡದಲ್ಲಿ 'ವಸ್ತು' ಎಂದು ಅನುವಾದಿಸುವ ರೂಢಿಯಿದೆ. ನಾನೂ ಬಹಳ ದಿನ ಹಾಗೆಯೇ ಹೇಳಿದೆ. ಆದರೆ ವಸ್ತುವೆಂದರೆ ನಮ್ಮ ಮನಸ್ಸಿಗೆ ಬರುವುದು ಇಟ್ಟಲ್ಲಿ ಇರುವ ಜಡಪದಾರ್ಥ. ಕೇಳಿದರೆ ಉತ್ತರಿಸುವ, ಹೇಳಿದರೆ ಮಾಡುವ ಸಂಗತಿಗೆ ಆ ಹೆಸರು ಒಗ್ಗುವುದಿಲ್ಲ. ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪದವೊಂದು ಸಿದ್ಧವಾಗಿಯೇ ಇದೆ: 'ಪಾತ್ರ'. ಪಾತ್ರವೆಂದರೆ ಏನನ್ನಾದರೂ ತುಂಬಿಟ್ಟುಕೊಳ್ಳುವ ಪಾತ್ರೆ. ನದಿ ಹರಿಯುವ ಎಡೆಗೂ ಪಾತ್ರವೆನ್ನುತ್ತೇವೆ. ಪಾತ್ರವೆಂದರೆ ನಾಟಕದ ಪಾತ್ರವೂ ಹೌದು. ಅದು ಮಾತನಾಡುತ್ತದೆ, ಕೇಳಿಸಿಕೊಳ್ಳುತ್ತದೆ, ಕೆಲಸ ಮಾಡುತ್ತದೆ. ಒಳಗೆ ತುಂಬಿಕೊಂಡಿರುವುದು, ಹೊರಗೆ ಅಭಿನಯಿಸುವುದು, ಈ ಎರಡೂ ಅರ್ಥಗಳನ್ನು ಒಂದೇ ಪದದಲ್ಲಿ ಇಟ್ಟುಕೊಂಡ ಭಾಷೆಯವರು ನಾವು. 'ಆಬ್ಜೆಕ್ಟ್ ಓರಿಯೆಂಟೆಡ್' ಎಂಬ ಹೆಸರನ್ನು ಚಲಾವಣೆಗೆ ತಂದ ಅಮೆರಿಕದ ಅಲನ್ ಕೇ ಅವರೇ 1998ರಲ್ಲಿ, ತಾವು ಆ ಪದವನ್ನು ಆರಿಸಿದ್ದಕ್ಕೆ ವಿಷಾದಪಟ್ಟಿದ್ದಾರೆ. ಮುಖ್ಯವಾದದ್ದು ಪರಸ್ಪರ ಕಳುಹಿಸುವ ಸಂದೇಶ. ಆದರೆ ಹೆಸರಿನ ದೆಸೆಯಿಂದ ಜನರ ಗಮನವೆಲ್ಲ ವಸ್ತುವಿನ ಕಡೆಗೇ ಹೋಯಿತು ಎಂಬುದು ಅವರ ಅಳಲಿನ ತಾತ್ಪರ್ಯ.

ಈ ವಿಚಾರ ಹುಟ್ಟಿದ್ದು ಗಣಕದ ಒಳಗುಟ್ಟನ್ನು ಬಿಡಿಸುವ ಹಂಬಲದಿಂದಲ್ಲ, ಹೊರಗಿನ ಲೋಕವನ್ನು ಬಣ್ಣಿಸುವ ಅಗತ್ಯದಿಂದ. ಅದನ್ನು ತಿಳಿದವರು ಕಡಮೆ. ನಾರ್ವೆ ದೇಶದ ಓಸ್ಲೋ ನಗರದಲ್ಲಿ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್ ಎಂಬ ಸಂಸ್ಥೆಯಿದೆ. 1960ರ ದಶಕದಲ್ಲಿ ಅಲ್ಲಿ ಕ್ರಿಸ್ಟನ್ ನಿಗಾರ್ಡ್ ಮತ್ತು ಊಲೆ-ಯೋಹಾನ್ ದಾಲ್ ಎಂಬ ಇಬ್ಬರು ಕೆಲಸ ಮಾಡುತ್ತಿದ್ದರು. ನಿಗಾರ್ಡ್ ಗಣಿತವನ್ನು ಓದಿ, ಕಾರ್ಖಾನೆ, ಸಾರಿಗೆ ಮೊದಲಾದ ವ್ಯವಸ್ಥೆಗಳ ನಡವಳಿಕೆಯನ್ನು ಲೆಕ್ಕ ಹಾಕುವ ಶಾಸ್ತ್ರದಲ್ಲಿ ಪಳಗಿದವರು. ಸರತಿಯ ಸಾಲಿನಲ್ಲಿ ಜನ ಎಷ್ಟು ಹೊತ್ತು ಕಾಯುತ್ತಾರೆ, ಇನ್ನೊಂದು ಕಿಟಕಿ ತೆರೆದರೆ ಎಷ್ಟು ಬೇಗ ಸಾಲು ಕರಗುತ್ತದೆ ಎಂಬಂಥ ಪ್ರಶ್ನೆಗಳಿಗೆ, ಆ ವ್ಯವಸ್ಥೆಯ ಅನುಕರಣೆಯನ್ನು ಗಣಕದೊಳಗೇ ನಡೆಸಿ ನೋಡಿ ಉತ್ತರ ಕಂಡುಕೊಳ್ಳಬೇಕಿತ್ತು. ಅದಕ್ಕಾಗಿ ಅವರಿಬ್ಬರೂ ಸಿಮ್ಯುಲಾ ಎಂಬ ಭಾಷೆಯನ್ನು ಕಟ್ಟಿದರು. ಸೇತುವೆಯೊಂದರ ಸುಂಕದ ಕಟ್ಟೆ, ಅದರ ಮುಂದೆ ಸಾಲುಗಟ್ಟಿ ನಿಂತ ಲಾರಿಗಳು ಮತ್ತು ಬಸ್ಸುಗಳು - ಇದು ಅವರನ್ನು ಕಾಡಿದ ಉದಾಹರಣೆಗಳಲ್ಲಿ ಒಂದು. ಲಾರಿಯ ಲಕ್ಷಣ ಬೇರೆ, ಬಸ್ಸಿನ ಲಕ್ಷಣ ಬೇರೆ. ಆದರೆ ಸಾಲಿನಲ್ಲಿ ನಿಲ್ಲುವ ಮಟ್ಟಿಗೆ ಎರಡೂ ವಾಹನಗಳೇ. ಸಾಮಾನ್ಯ ಲಕ್ಷಣವನ್ನು ಒಮ್ಮೆ ಹೇಳಿ, ವಿಶೇಷವನ್ನು ಮಾತ್ರ ಪ್ರತ್ಯೇಕವಾಗಿ ಹೇಳುವುದು ಹೇಗೆ? ಆ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ 'ಸಿಮ್ಯುಲಾ 67' ಭಾಷೆಯಲ್ಲಿ ಸೇರಿ, ಇಂದು 'ಇನ್ಹೆರಿಟೆನ್ಸ್' ಎಂದು ಕರೆಯಲಾಗುವ ತತ್ತ್ವವಾಯಿತು. ಈ ಸಾಧನೆಗಾಗಿ ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಇಬ್ಬರೂ 2002ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು.

ನಿಗಾರ್ಡ್ ಅವರ ಬಗೆಗೆ ಇನ್ನೊಂದು ಮಾತು ಹೇಳಲೇಬೇಕು. 1970ರ ದಶಕದ ಆದಿಯಲ್ಲಿ ಅವರು ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ಸೇರಿ, ಕಾರ್ಖಾನೆಗೆ ಬರಲಿದ್ದ ಗಣಕ ವ್ಯವಸ್ಥೆಗಳನ್ನು ಕಾರ್ಮಿಕರೇ ಅರ್ಥ ಮಾಡಿಕೊಂಡು ಮಾಲೀಕರೊಡನೆ ಮಾತನಾಡುವಂತಾಗಬೇಕೆಂದು ದುಡಿದರು. ಅವರಿಗಾಗಿ ಪಠ್ಯವನ್ನೂ ಸಿದ್ಧಪಡಿಸಿದರು. ಹೊರಗಿನವರಿಗೆ ಕಲಿಸುವುದನ್ನು ಅವರು ದಾನವೆಂದು ಭಾವಿಸಲಿಲ್ಲ. ಗಣಕ ಯಾರ ಬದುಕಿನ ಮೇಲೆ ಕೈಯಿಡುತ್ತದೆಯೋ ಅವರಿಗೆ ಅದರ ಮಾತು ತಿಳಿದಿರಬೇಕೆಂಬುದು ಅವರ ನಿಲುವು. ಅವರ ಕೊನೆಯ ಯೋಜನೆಯೂ ಈ ವಿದ್ಯೆಯನ್ನು ಕಲಿಸುವುದು ಹೇಗೆಂಬುದರ ಬಗೆಗೇ ಇತ್ತು. ತೀರ ಚಿಕ್ಕ ಉದಾಹರಣೆಯಿಂದ ಆರಂಭಿಸಬೇಡಿ, ಹಲವು ಪಾತ್ರಗಳಿಗೆ ಎಡೆಯಿರುವಷ್ಟು ದೊಡ್ಡ ಉದಾಹರಣೆಯಿಂದಲೇ ಆರಂಭಿಸಿ ಎಂದು ಅವರು ವಾದಿಸಿದರು. ಯೋಚಿಸಿ ನೋಡಿದರೆ ಇದು ಸರಿ. 'ನಮಸ್ಕಾರ' ಎಂದು ಹೇಳಿ ನಿಲ್ಲುವ ಕ್ರಮವಿಧಿಯಲ್ಲಿ ಪಾತ್ರಗಳಿಗೆ ಕೆಲಸವೆಲ್ಲಿದೆ? ಒಬ್ಬನೇ ಬಂದು ನಮಸ್ಕಾರವೆಂದು ಹೇಳಿ ಹೋಗುವುದಕ್ಕೆ ರಂಗಮಂದಿರವನ್ನು ಕಟ್ಟಿದಂತೆ ಅದು.

ಮರುವರ್ಷ ನಾನು ಗಣಕವನ್ನು ಮುಟ್ಟದೆ ಪಾಠವನ್ನು ಆರಂಭಿಸಿದೆ. ಉಪಾಯ ನನ್ನದಲ್ಲ. ಅಮೆರಿಕದ ಕೆಂಟ್ ಬೆಕ್ ಮತ್ತು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು 1989ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದ ವಿಧಾನ ಅದು. ಅದಕ್ಕೆ ಬೇಕಾದ ಸಲಕರಣೆಯೆಂದರೆ ನಾಲ್ಕು ಅಂಗುಲ ಅಗಲ, ಆರು ಅಂಗುಲ ಉದ್ದದ ರಟ್ಟಿನ ಕಾರ್ಡುಗಳು. ಪ್ರತಿಯೊಂದು ಕಾರ್ಡಿನ ತಲೆಯ ಮೇಲೆ ಒಂದು ಬಗೆಯ ಪಾತ್ರದ ಹೆಸರು, ಎಡಗಡೆ ಅದರ ಹೊಣೆಗಳು, ಬಲಗಡೆ ಆ ಹೊಣೆಯನ್ನು ನೆರವೇರಿಸಲು ಅದು ಯಾರ ನೆರವನ್ನು ಕೇಳಬೇಕೋ ಅವರ ಹೆಸರು. ಇಷ್ಟೆ. ಕಲಿಯುವವರು ಒಂದೊಂದು ಕಾರ್ಡನ್ನು ಕೈಯಲ್ಲಿ ಹಿಡಿದು ಆ ಪಾತ್ರವಾಗಿ ಮಾತನಾಡಬೇಕು.

ಗ್ರಂಥಾಲಯವನ್ನೇ ಉದಾಹರಣೆಯಾಗಿ ಆರಿಸಿಕೊಂಡೆ. ತರಗತಿಯಲ್ಲಿ ಎಲ್ಲರೂ ಬಲ್ಲ ಲೋಕ ಅದು. ಪುಸ್ತಕವೊಂದು ಕಪಾಟಿನಿಂದ ಓದುಗನ ಕೈಗೆ ಹೋಗಿ, ತಡವಾಗಿ ಹಿಂದಿರುಗಿ, ದಂಡ ವಸೂಲಾಗುವವರೆಗಿನ ಕಥೆಯನ್ನು ಅಭಿನಯಿಸಬೇಕೆಂದೆ. ಒಂದು ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ವಿಧಿಸಿದೆ: ಯಾರೂ ಇನ್ನೊಬ್ಬರ ಕಾರ್ಡನ್ನು ಇಣುಕಿ ನೋಡುವಂತಿಲ್ಲ, ಬೇಕಾದುದನ್ನು ಬಾಯಿಬಿಟ್ಟು ಕೇಳಬೇಕು.

ಮೊದಲ ತೊಡಕು ಹುಟ್ಟಿದ್ದು 'ಪುಸ್ತಕ' ಎಂಬ ಕಾರ್ಡಿನಲ್ಲೇ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಒಬ್ಬ ಓದುಗ ಬೇಡಿದ. (ಸಿಮ್ಯುಲಾ 67 ಮತ್ತು ಈ ಕಾದಂಬರಿ ಒಂದೇ ವರ್ಷದ ಶಿಶುಗಳೆಂಬುದು ಕಾಕತಾಳೀಯವಷ್ಟೆ.) ಅಷ್ಟರಲ್ಲಿ ಇನ್ನೊಬ್ಬನೂ ಅದನ್ನೇ ಬೇಡಿದ. ಪುಸ್ತಕದ ಕಾರ್ಡನ್ನು ಹಿಡಿದಿದ್ದ ಹುಡುಗ, "ನಾನು ಈಗಾಗಲೇ ಹೊರಗೆ ಹೋಗಿದ್ದೇನೆ" ಎಂದ. ಆಗ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಯೊಬ್ಬ ಆಕ್ಷೇಪಿಸಿದ. "ಹೊರಗೆ ಹೋಗಿರುವುದು ಕೃತಿಯಲ್ಲ, ಅದರ ಒಂದು ಪ್ರತಿ. ಕೃತಿಗೆ ಲೇಖಕ, ಶೀರ್ಷಿಕೆ ಇರುತ್ತವೆ. ಪ್ರತಿಗೆ ದಾಖಲಾತಿ ಸಂಖ್ಯೆ ಇರುತ್ತದೆ. ನಮ್ಮಲ್ಲಿ ಮೂರು ಪ್ರತಿಗಳಿವೆ." ತಕ್ಷಣ 'ಕೃತಿ', 'ಪ್ರತಿ' ಎಂದು ಎರಡು ಬಗೆಯ ಕಾರ್ಡುಗಳಾದವು. 'ಪ್ರತಿ' ಎಂಬ ಕಾರ್ಡು ಒಂದೇ, ಆದರೆ ಆ ಪಾತ್ರವನ್ನು ವಹಿಸಲು ಮೂವರು ಎದ್ದು ನಿಲ್ಲಬೇಕಾಯಿತು. ಮೂವರಿಗೂ ಹೊಣೆಗಳು ಒಂದೇ. ಒಬ್ಬೊಬ್ಬರ ದಾಖಲಾತಿ ಸಂಖ್ಯೆ ಬೇರೆ, ಒಬ್ಬ ಹೊರಗೆ, ಇಬ್ಬರು ಒಳಗೆ. 'ಕ್ಲಾಸ್' ಅಂದರೆ ವರ್ಗವೆಂಬುದು ಕಾರ್ಡು, 'ಆಬ್ಜೆಕ್ಟ್' ಎಂಬುದು ಎದ್ದು ನಿಂತ ಒಬ್ಬೊಬ್ಬನೆಂದು ನಾನು ಆಮೇಲೆ ಹೇಳಿದಾಗ ಯಾರೂ ಬೆದರಲಿಲ್ಲ. ಪಠ್ಯಪುಸ್ತಕಗಳಲ್ಲಿ ಎರಡು ಅಧ್ಯಾಯ ಹಿಡಿಯುವ ಭೇದವಿದು.

ಎರಡನೆಯ ತೊಡಕು ಇನ್ನೂ ಸ್ವಾರಸ್ಯಕರವಾದದ್ದು. ಪುಸ್ತಕವನ್ನು ಹಿಂದಿರುಗಿಸಬೇಕಾದ ದಿನಾಂಕ ಯಾರಿಗೆ ಗೊತ್ತಿರಬೇಕು? "ನನಗೆ" ಎಂದ ಪ್ರತಿ. "ನೀನು ಕಪಾಟಿನಲ್ಲಿರುವಾಗ ನಿನಗೆ ಅಂಥ ದಿನಾಂಕವೇ ಇಲ್ಲವಲ್ಲ" ಎಂದು ಯಾರೋ ತಡೆದರು. "ಹಾಗಾದರೆ ನನಗೆ" ಎಂದಳು ಓದುಗಳಾಗಿದ್ದವಳು. "ನೀನು ನಾಲ್ಕು ಪುಸ್ತಕ ತೆಗೆದುಕೊಂಡಿದ್ದರೆ ನಾಲ್ಕು ದಿನಾಂಕ, ಯಾವುದು ಯಾವುದರದು?" ಚರ್ಚೆ ಕಾವೇರಿತು. ಸಮಾಜಶಾಸ್ತ್ರದ ಹುಡುಗಿಯೊಬ್ಬಳು, ಮದುವೆಯ ದಿನಾಂಕ ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ, ಮದುವೆಯದು ಎಂದಳು. ಎಲ್ಲರೂ ನಕ್ಕರು. ಗ್ರಂಥಾಲಯ ವಿಜ್ಞಾನದ ಹುಡುಗ ಮಾತ್ರ ನಗಲಿಲ್ಲ. ಹಳೆಯ ಗ್ರಂಥಾಲಯಗಳಲ್ಲಿ ಬ್ರೌನ್ ಪದ್ಧತಿ ಎಂಬುದೊಂದಿತ್ತು. ಪುಸ್ತಕದ ಚೀಟಿಯನ್ನು ಓದುಗನ ಟಿಕೆಟ್ಟಿನ ಕಿಸೆಯೊಳಗಿಟ್ಟು, ಆ ಜೋಡಿಯನ್ನು ಹಿಂದಿರುಗಿಸಬೇಕಾದ ದಿನಾಂಕದ ಪ್ರಕಾರ ತಟ್ಟೆಯಲ್ಲಿ ಜೋಡಿಸಿಡುತ್ತಿದ್ದರು. ದಿನಾಂಕ ಸೇರಿದ್ದು ಆ ಜೋಡಿಗೆ ಎಂದ. ಹೊಸದೊಂದು ಕಾರ್ಡು ಹುಟ್ಟಿತು: 'ಎರವಲು'. ಪ್ರತಿ ಯಾವುದು, ಓದುಗ ಯಾರು, ಎಂದು ಬರಬೇಕು ಎಂಬುದು ಅದಕ್ಕೆ ಗೊತ್ತು. ತಡವಾಯಿತೇ ಎಂದು ಕೇಳಿದರೆ ಅದೇ ಹೇಳುತ್ತದೆ. ಕಣ್ಣಿಗೆ ಕಾಣುವ ಪದಾರ್ಥಗಳಷ್ಟೇ ಪಾತ್ರಗಳಾಗುವುದಿಲ್ಲ, ಎರಡರ ನಡುವಣ ಸಂಬಂಧವೂ ಒಂದು ಪಾತ್ರವಾಗಬಲ್ಲುದು ಎಂಬ ಈ ಪಾಠವನ್ನು ವೃತ್ತಿಯ ಪ್ರೋಗ್ರಾಮರುಗಳು ಕೂಡ ತಡವಾಗಿ ಕಲಿಯುತ್ತಾರೆ. ಗ್ರಂಥಪಾಲಕರು ಅದನ್ನು ರಟ್ಟಿನ ಚೀಟಿಗಳಲ್ಲಿ ಎಂದೋ ಸಾಧಿಸಿದ್ದರು. ಬೆಂಗಳೂರಿನಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದು ಆಮೇಲೆ ಗ್ರಂಥಪಾಲಕರಾದವರೆಂಬುದು ಈ ಸಂದರ್ಭದಲ್ಲಿ ನೆನಪಾಗುತ್ತದೆ. ಶಾಸ್ತ್ರಗಳ ಬೇಲಿಯನ್ನು ದಾಟಿ ಬಂದವರಿಂದ ಶಾಸ್ತ್ರಕ್ಕೆ ಕೇಡಾದದ್ದು ಕಡಮೆ.

ಮೂರನೆಯದು, ಗಡುವಿನ ಪ್ರಶ್ನೆ. ವಿದ್ಯಾರ್ಥಿಗೆ ಹದಿನೈದು ದಿನ, ಅಧ್ಯಾಪಕರಿಗೆ ಒಂದು ತಿಂಗಳು ಎಂದಿತ್ತು ನಮ್ಮ ನಾಟಕದ ಗ್ರಂಥಾಲಯದ ಕಟ್ಟಳೆ. ಎರವಲು ಎಂಬ ಕಾರ್ಡಿನವನು ಓದುಗನನ್ನು, "ನೀವು ವಿದ್ಯಾರ್ಥಿಯೋ ಅಧ್ಯಾಪಕರೋ?" ಎಂದು ವಿಚಾರಿಸತೊಡಗಿದ. ನಾನು ತಡೆದು, "ಜಾತಿಯನ್ನು ಕೇಳಬೇಡ, ನಿನಗೆ ಬೇಕಾದುದನ್ನಷ್ಟೆ ಕೇಳು" ಎಂದೆ. ಅವನು ಸ್ವಲ್ಪ ಯೋಚಿಸಿ, "ನಿಮಗೆ ಎಷ್ಟು ದಿನ?" ಎಂದು ಕೇಳಿದ. ವಿದ್ಯಾರ್ಥಿಯಾಗಿದ್ದವಳು ಹದಿನೈದು ಎಂದಳು, ಅಧ್ಯಾಪಕನಾಗಿದ್ದವನು ಮೂವತ್ತು ಎಂದ. ಪ್ರಶ್ನೆ ಒಂದೇ, ಉತ್ತರ ಅವರವರದು. ಮಧ್ಯಾಹ್ನ ಶಾಲೆಯ ಗಂಟೆ ಹೊಡೆದಾಗ ಮಕ್ಕಳು ಓಡುತ್ತಾರೆ, ಮೇಷ್ಟರು ಪುಸ್ತಕ ಮುಚ್ಚುತ್ತಾರೆ, ಅಡಿಗೆಯವಳು ಅನ್ನದ ಮುಚ್ಚಳ ತೆಗೆಯುತ್ತಾಳೆ. ಯಾರು ಏನು ಮಾಡುತ್ತಾರೆಂಬುದು ಗಂಟೆಗೆ ಗೊತ್ತಿರಬೇಕಾಗಿಲ್ಲ. 'ಪಾಲಿಮಾರ್ಫಿಸಂ' ಎಂಬ ಗ್ರೀಕ್ ಮೂಲದ ಭಾರವಾದ ಪದದ ಹಿಂದೆ ಇರುವುದು ಇಷ್ಟೆ. ನಾಳೆ ಸಂಶೋಧಕರಿಗೆ ಮೂರು ತಿಂಗಳ ಗಡುವು ಎಂದು ಹೊಸ ಕಟ್ಟಳೆ ಬಂದರೆ ಹೊಸದೊಂದು ಕಾರ್ಡು ಸೇರುತ್ತದೆ. ಎರವಲಿನ ಕಾರ್ಡಿನಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ಪಾಕವಿಧಾನದ ಬಗೆಯಲ್ಲಿ ಬರೆದಿದ್ದರೆ 'ಹದಿನೈದು' ಎಂಬ ಸಂಖ್ಯೆ ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲ ಹುಡುಕಿ ತಿದ್ದಬೇಕಾಗುತ್ತಿತ್ತು.

ಇಷ್ಟು ಕೇಳಿದ ಮೇಲೆ, ಕಾರ್ಡುಗಳ ಆಟವಾಡಿಸಿದರೆ ಎಲ್ಲರೂ ಕಲಿತುಬಿಡುತ್ತಾರೆಂದು ತಾವು ಭಾವಿಸಬಾರದು. ಅಂಥ ಭ್ರಮೆಯನ್ನು ಕಳೆಯುವ ಪ್ರಾಮಾಣಿಕವಾದ ಸಾಕ್ಷ್ಯವೊಂದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಿಂದ ದೊರೆಯುತ್ತದೆ. 1970ರ ದಶಕದಲ್ಲಿ ಅಲ್ಲಿಯ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್, ಡ್ಯಾನ್ ಇಂಗಲ್ಸ್ ಮೊದಲಾದವರು ಸ್ಮಾಲ್‌ಟಾಕ್ ಎಂಬ ಭಾಷೆಯನ್ನು ರೂಪಿಸಿ, ಅದನ್ನು ಮಕ್ಕಳಿಗೆ ಕಲಿಸಿದರು. ಕೇ ಅವರು ಗಣಿತದೊಡನೆ ಜೀವವಿಜ್ಞಾನವನ್ನೂ ಓದಿದವರು. ಜೀವಕೋಶಗಳು ತಮ್ಮ ಪೊರೆಯೊಳಗೆ ತಮ್ಮ ಕೆಲಸವನ್ನು ನಡೆಸಿಕೊಂಡು ಒಂದಕ್ಕೊಂದು ಸಂದೇಶ ಕಳುಹಿಸುವ ಚಿತ್ರ ಅವರ ಮನಸ್ಸಿನಲ್ಲಿತ್ತು. ಗೋಲ್ಡ್‌ಬರ್ಗ್ ಅವರು ಮಕ್ಕಳಿಗೆ 'ಜೋ' ಎಂಬ ಒಂದು ಚೌಕವನ್ನು ಪರಿಚಯಿಸಿದರು. ಜೋ, ತಿರುಗು ಎಂದರೆ ತಿರುಗುತ್ತದೆ. ಬೆಳೆ ಎಂದರೆ ಬೆಳೆಯುತ್ತದೆ. ಹನ್ನೆರಡು ವರ್ಷದ ಬಾಲಕಿಯೊಬ್ಬಳು ಚಿತ್ರ ಬಿಡಿಸುವ ಕ್ರಮವಿಧಿಯನ್ನೇ ರಚಿಸಿದಳು. ಎಲ್ಲರಿಗೂ ಹಿಗ್ಗು.

ಆಮೇಲೆ ಅದೇ ಸಂಸ್ಥೆಯಲ್ಲಿ ಪ್ರೋಗ್ರಾಮಿಂಗ್ ಅರಿಯದ ಸುಮಾರು ಇಪ್ಪತ್ತು ಮಂದಿ ವಯಸ್ಕರಿಗೆ ಕಲಿಸಿದರು. ಅವರು ಆರಂಭದ ಪಾಠಗಳನ್ನು ಮಕ್ಕಳಿಗಿಂತ ಬೇಗ ಮುಗಿಸಿದರು. ಆದರೆ, ವಿಳಾಸಗಳ ಕಾರ್ಡು ಪೆಟ್ಟಿಗೆಯಂಥ ಒಂದು ಸಣ್ಣ ವ್ಯವಸ್ಥೆಯನ್ನು ಸ್ವಂತವಾಗಿ ಕಟ್ಟಿರೆಂದಾಗ ನಿಂತುಬಿಟ್ಟರು. ಕೇ ಅವರು ಆ ಸಣ್ಣ ಸಮಸ್ಯೆಯನ್ನು ಬಿಡಿಸಲು ಬೇಕಾದ, ಆದರೆ ಮೇಲುನೋಟಕ್ಕೆ ಹೊಳೆಯದ, ವಿಚಾರಗಳೆಷ್ಟೆಂದು ಎಣಿಸಿ ನೋಡಿದರು. ಹದಿನೇಳು! 1993ರಲ್ಲಿ ಪ್ರಕಟಿಸಿದ ಸ್ಮಾಲ್‌ಟಾಕ್ ಚರಿತ್ರೆಯಲ್ಲಿ ಅವರು ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಭಾಷೆ ಬಂದ ಮಾತ್ರಕ್ಕೆ ರಚನೆ ಬರುವುದಿಲ್ಲ. ಇದು ಸಾಹಿತ್ಯದ ಓದುಗರಿಗೆ ಹೇಳಬೇಕಾದ ಮಾತೇನಲ್ಲ. ವ್ಯಾಕರಣ ತಿಳಿದವರೆಲ್ಲ ಕಥೆ ಬರೆಯುವುದಿಲ್ಲ. ನನ್ನ ತರಗತಿಯಲ್ಲೂ ಹೀಗೆಯೇ ಆಯಿತು. ಗ್ರಂಥಾಲಯದ ಆಟವನ್ನು ಸೊಗಸಾಗಿ ಆಡಿದವರು, ಬಸ್ ನಿಲ್ದಾಣದ ಮುಂಗಡ ಕಾದಿರಿಸುವಿಕೆಯನ್ನು ತಾವೇ ವಿಂಗಡಿಸಿರೆಂದಾಗ ಎಲ್ಲ ಹೊಣೆಯನ್ನೂ 'ಗುಮಾಸ್ತ' ಎಂಬ ಒಂದೇ ಕಾರ್ಡಿನ ಮೇಲೆ ಹೇರಿದರು. ಬಡಪಾಯಿ ಗುಮಾಸ್ತನ ಕಾರ್ಡಿನಲ್ಲಿ ಬರೆಯಲು ಜಾಗವೇ ಉಳಿಯಲಿಲ್ಲ. ಮಿಕ್ಕವರು ಕೈಕಟ್ಟಿ ನಿಂತಿದ್ದರು. ಕಾರ್ಡು ಚಿಕ್ಕದಾಗಿರುವುದರ ಉಪಯೋಗ ನನಗೆ ತಿಳಿದದ್ದು ಆಗಲೇ: ತುಂಬಿ ತುಳುಕಿದರೆ ಹಂಚಿಕೊಡಬೇಕೆಂದು ಅದೇ ಹೇಳುತ್ತದೆ. ಆದುದರಿಂದ, ಮೊದಲು ಬಹಳ ದಿನ ಇನ್ನೊಬ್ಬರು ಕಟ್ಟಿದ ಪಾತ್ರಗಳನ್ನು ಬಳಸಲು ಬಿಡಬೇಕು, ಆಮೇಲೆ ತಿದ್ದಲು, ಕೊನೆಗೆ ಕಟ್ಟಲು. ಓದದೆ ಬರೆಯಲು ಹೊರಡುವವರ ಗತಿ ನಮಗೆ ಗೊತ್ತೇ ಇದೆ.

ಇನ್ನು 'ಇನ್ಹೆರಿಟೆನ್ಸ್' ಎಂಬುದನ್ನು ಬೇಗ ಕಲಿಸುವ ಆತುರವನ್ನು ನಾನು ಒಪ್ಪಲಾರೆ. ಪ್ರಾಣಿ, ಅದರಲ್ಲಿ ಹಕ್ಕಿ, ಅದರಲ್ಲಿ ಗಿಳಿ ಎಂದು ವಂಶವೃಕ್ಷ ಬರೆಯುವುದು ಸುಲಭ, ಕಣ್ಣಿಗೆ ಅಂದ. ಹಕ್ಕಿ ಹಾರುತ್ತದೆಂದು ಬರೆದ ಮೇಲೆ ಉಷ್ಟ್ರಪಕ್ಷಿ ಬಂದು ನಿಂತಾಗ ಪೇಚಾಟ. ನಮ್ಮ ವ್ಯಾಕರಣವನ್ನು ಓದಿದವರಿಗೆ ಸಾಮಾನ್ಯ ವಿಧಿ, ಅದನ್ನು ಬಾಧಿಸುವ ಅಪವಾದ ಎಂಬ ಕಲ್ಪನೆ ಹೊಸದಲ್ಲ. ಅಂಥವರಿಗೆ ನಾಲ್ಕು ಮಾತಿನಲ್ಲಿ ಹೇಳಬಹುದು. ಉಳಿದವರಿಗೆ ಅದು ಬೇಕಾದಾಗ ಬಂದರೆ ಸಾಕು.

ಎಲ್ಲ ಕೆಲಸಕ್ಕೂ ಪಾತ್ರಗಳು ಬೇಕೆಂಬುದೂ ಸರಿಯಲ್ಲ. ಐವತ್ತು ವರ್ಷಗಳ ಮಳೆಯ ಸರಾಸರಿ ಬೇಕೆಂದು ಬಂದ ಭೂಗೋಳದ ವಿದ್ಯಾರ್ಥಿಗೆ ಹತ್ತು ಸಾಲಿನ ಪಾಕವಿಧಾನವೇ ಯೋಗ್ಯ. ಅವನ ಮುಂದೆ 'ಮೋಡ', 'ಮಳೆ' ಎಂದು ಕಾರ್ಡುಗಳನ್ನು ಹರಡುವವನು ಅಧ್ಯಾಪಕನಲ್ಲ, ಮತಪ್ರಚಾರಕ. ಯಾರಿಗೆ ಏನು ಬೇಕೆಂದು ವಿಚಾರಿಸುವುದು ಮೊದಲ ಕೆಲಸ. ಅಟ್ಲಾಂಟಾದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಯಾವ ವಿಷಯದ ವಿದ್ಯಾರ್ಥಿಯೇ ಆಗಲಿ ಗಣಕದ ಒಂದು ಪಾಠಕ್ರಮವನ್ನು ಓದಲೇಬೇಕೆಂದು 1999ರಲ್ಲಿ ಗೊತ್ತುಮಾಡಿದರು. ಎಲ್ಲರಿಗೂ ಒಂದೇ ಪಾಠವೆಂದಾಗ ವಾಸ್ತುಶಿಲ್ಪ, ಆಡಳಿತ ನಿರ್ವಹಣೆ, ಮಾನವಿಕಗಳ ವಿದ್ಯಾರ್ಥಿಗಳು ಹೆಚ್ಚಾಗಿ ಎಡವಿದರು. 2003ರಲ್ಲಿ ಮಾರ್ಕ್ ಗುಜ್ಡಿಯಲ್ ಅವರು ಅಂಥವರಿಗಾಗಿ ಚಿತ್ರ ಮತ್ತು ಧ್ವನಿಗಳನ್ನೇ ಆಧಾರವಾಗಿಸಿಕೊಂಡ ಬೇರೊಂದು ಪಾಠಕ್ರಮವನ್ನು ಆರಂಭಿಸಿದರು. ತಾನೇ ತೆಗೆದ ಛಾಯಾಚಿತ್ರದ ಬಣ್ಣವನ್ನು ತಾನೇ ಬರೆದ ಕ್ರಮವಿಧಿಯಿಂದ ಮಾರ್ಪಡಿಸಿದವನಿಗೆ, ಇದೆಲ್ಲ ಏಕೆ ಎಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಬದಲಾದದ್ದು ಉದಾಹರಣೆಗಳು; ವಿದ್ಯೆ ಹಗುರವಾಗಲಿಲ್ಲ.

ಕಾರ್ಡುಗಳಿಂದ ಗಣಕಕ್ಕೆ ಹೋದ ದಿನದ ಒಂದು ಪ್ರಸಂಗವನ್ನು ಹೇಳುತ್ತೇನೆ. ಈ ಸಲ ಜಾವಾ ಅಲ್ಲ, ಪೈಥಾನ್ ಎಂಬ ಭಾಷೆ. ಅದರಲ್ಲಿ ಒಂದು ನಮಸ್ಕಾರಕ್ಕೆ ಒಂದೇ ಸಾಲು ಸಾಕು. ಆದರೆ ಅದರಲ್ಲೂ ಒಂದು ಎಡವುಗಲ್ಲಿದೆ. ಪಾತ್ರ ಮಾಡಬೇಕಾದ ಪ್ರತಿಯೊಂದು ಕೆಲಸವನ್ನು ಬರೆಯುವಾಗಲೂ ಆವರಣದೊಳಗೆ ಮೊಟ್ಟಮೊದಲು 'ಸೆಲ್ಫ್' ಎಂಬ ಪದವನ್ನು ಬರೆಯಬೇಕು. ಏಕೆಂದು ತಿಳಿಯದೆ ಎಲ್ಲರೂ ಬಿಡುತ್ತಾರೆ. ಮದುವೆಯ ದಿನಾಂಕದ ಮಾತನ್ನಾಡಿದ್ದ ಹುಡುಗಿ 'ಓದುಗ' ಎಂಬ ವರ್ಗವನ್ನು ಬರೆದು, ಎಷ್ಟು ದಿನ ಎಂಬ ಪ್ರಶ್ನೆಗೆ ಉತ್ತರಿಸುವ ಕೆಲಸವನ್ನು ಆವರಣದೊಳಗೆ ಏನನ್ನೂ ಬರೆಯದೆ ಸೇರಿಸಿದ್ದಳು. ಗಣಕ ಇಂಗ್ಲಿಷಿನಲ್ಲಿ ಸಿಡುಕಿತು. ಈ ಕೆಲಸ ಶೂನ್ಯವನ್ನು ನಿರೀಕ್ಷಿಸುತ್ತದೆ, ಆದರೆ ಒಂದು ಬಂದಿದೆ ಎಂಬುದು ಆ ಸಿಡುಕಿನ ಸಾರ. "ನಾನು ಏನನ್ನೂ ಕೊಟ್ಟೇ ಇಲ್ಲ, ಆ ಒಂದು ಎಲ್ಲಿಂದ ಬಂತು ಸಾರ್?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗ ಮೇಜಿನ ಮೇಲಿದ್ದ ರಟ್ಟಿನ ಕಾರ್ಡನ್ನು ಅವಳ ಕೈಗಿತ್ತು, "ನಿನಗೆ ಎಷ್ಟು ದಿನ?" ಎಂದು ಕೇಳಿದ. "ನನಗೆ ಹದಿನೈದು" ಎಂದಳು. ಎಂದವಳು ಒಂದು ಕ್ಷಣ ಕಾರ್ಡನ್ನೇ ನೋಡಿ, "ಅಯ್ಯೋ, 'ನಾನು' ಅನ್ನುವುದನ್ನೇ ಬರೆದಿಲ್ಲ" ಎಂದು ಕೀಲಿಮಣೆಯ ಕಡೆಗೆ ತಿರುಗಿದಳು.